ಕಿಲುಬು ಕೈ

ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಚಿಕ್ಕಪ್ಪನಿಗೆ ಬಿಸಿನೀರು ಕೊಟ್ಟು, ಬಿ.ಪಿ. ಮಾತ್ರೆ ನುಂಗಿಸಿ, ಅರ್ಧ ಲೋಟ ಕಾಫಿ ಕೊಟ್ಟೆ. ನಲವತ್ತು ಜನದ ಅಂದಾಜಿಗೆ ಅಕ್ಕಿ ಆರಿಸಿಟ್ಟೆ, ಬೇಳೆ ತೊಳೆದೆ, ಸಿಹಿಗುಂಬಳ ಹೆಚ್ಚಿದೆ, ನಾಲ್ಕು ತೆಂಗಿನಕಾಯಿ ತುರಿದೆ. ಬಾಳೆ ಎಲೆ ತರಲು ಯಜಮಾನರನ್ನು ಬಜಾರಿಗೆ ಅಟ್ಟಿದೆ. ಆಮೇಲೆ ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೆನೆಹಾಕಿದ ಹುಣಿಸೆಹಣ್ಣಿನಲ್ಲಿ ಎರಡು ದೀಪದ ಕಂಬ, ಒಂದು ಗಂಟೆ, ಒಂದು ತಾಮ್ರದ ಚೊಂಬು ಉಜ್ಜಿದೆ. ಈಗ ಮನೆಯಲ್ಲಿ ಉಜ್ಜುವಂಥದ್ದು ಅಷ್ಟೇ. ಮಿಕ್ಕಿದ್ದೆಲ್ಲ ಸ್ಟೀಲು, ಅದಕ್ಕೆ ಸೋಪಿನ ಪುಡಿ ಸಾಕು.

ಉಜ್ಜುವಾಗ ಅಂಗೈಯಿಂದ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹುಳಿ ಮುಟ್ಟಿದ ಹಿತ್ತಾಳೆಯ ವಾಸನೆ. ಹಳೆಯ ಕಾಸನ್ನು ನಾಲಿಗೆಯ ಮೇಲೆ ಇಟ್ಟುಕೊಂಡ ಹಾಗೆ, ಮೂಗಿಗಿಂತ ಮೊದಲು ಹಲ್ಲಿಗೆ ತಾಗುವಂಥದ್ದು. ಗಂಟೆಯ ಒಳ ಅಂಚಿನಲ್ಲಿ ಹಸಿರು ಕಟ್ಟಿತ್ತು. ಬೆರಳು ಹಾಕಿ ಸುತ್ತಿದರೆ ಉಗುರಿನ ಸಂದಿಗೆ ಬಂತು. ಕಿಲುಬು. ಆ ಮಾತು ಮನಸ್ಸಿಗೆ ಬಂದದ್ದೇ ಕೈ ನಿಂತುಹೋಯಿತು. ಇವತ್ತು ನಮ್ಮ ಚಿಕ್ಕವ್ವನ ವರ್ಷದ ಗಣಾರಾಧನೆ, ಅವಳ ಹೆಸರಿನ ಪೂಜೆ, ಊಟ. ಅವಳ ಹೆಸರಿಗೆ ಅಂಟಿಕೊಂಡಿದ್ದ ಈ ಒಂದು ಮಾತನ್ನು ನಾನು ನಾಲ್ಕು ಜನದ ಮುಂದೆ ಬಿಡಿಸಬೇಕಿತ್ತು. ಅವಳು ಬದುಕಿದ್ದಾಗಲೇ ಬಿಡಿಸಬೇಕಿತ್ತು. ಮಾತು ಕೊಟ್ಟಿದ್ದೆ, ಆಗಲಿಲ್ಲ.

ನಾನು ಬೆಳೆದ ಮನೆ ಇದ್ದದ್ದು ನರಸೀಪುರದಲ್ಲಿ, ಕಪಿಲೆಗೆ ಇಳಿಯುವ ಬೀದಿಯಲ್ಲಿ. ಮುಂದಿನ ಅಂಕಣದಲ್ಲಿ ಅಪ್ಪನ ಬೆಲ್ಲದ ಮಂಡಿ. ಗೋಣಿಯ ಮೇಲೆ ಅಚ್ಚು ಬೆಲ್ಲ ಜೋಡಿಸಿಟ್ಟಿರುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಅದು ಬೆವತು, ಮನೆಯ ಗೋಡೆಗೂ ಸಿಹಿ ಹತ್ತಿದೆಯೇನೋ ಅನ್ನುವ ಹಾಗೆ ಘಮ್ಮೆನ್ನುತ್ತಿತ್ತು. ಇರುವೆಗಳ ಸಾಲು ಹೊಸ್ತಿಲು ದಾಟಿ, ನಡುಮನೆ ದಾಟಿ, ನಮ್ಮ ಚಾಪೆಯ ತನಕ ಬರುತ್ತಿತ್ತು. ಆದರೆ ಒಂದು ಬಾಗಿಲು ದಾಟಿ ಅಡುಗೆಮನೆಗೆ ಕಾಲಿಟ್ಟರೆ ಬೆಲ್ಲದ ವಾಸನೆ ಅಲ್ಲಿಗೇ ನಿಲ್ಲುತ್ತಿತ್ತು. ಅಲ್ಲಿ ಹೊಗೆ, ಒಗ್ಗರಣೆ, ಒದ್ದೆ ಬೂದಿ, ಹುಣಿಸೆಯ ವಾಸನೆ. ಅದು ಅಜ್ಜಿಯ ರಾಜ್ಯ. ತಾತ ನಾನು ಹುಟ್ಟುವ ಮೊದಲೇ ಶಿವನ ಪಾದ ಸೇರಿದ್ದರು. ಮಂಡಿಯ ಬೀಗದ ಕೈ ಅಪ್ಪನ ಸೊಂಟದಲ್ಲಿದ್ದರೂ ಮನೆಯ ಬೀಗದ ಕೈ ಅಜ್ಜಿಯ ನಾಲಿಗೆಯ ಮೇಲಿತ್ತು. ಅವಳ ಕೆಳಗೆ ಇಬ್ಬರು ಸೊಸೆಯರು. ಹಿರಿಯಳು ನಮ್ಮವ್ವ, ಕಿರಿಯಳು ಚಿಕ್ಕವ್ವ ಮಾದೇವಮ್ಮ. ಚಿಕ್ಕವ್ವ ಹೆಮ್ಮರಗಾಲದವಳು, ಬಡವರ ಮನೆಯ ಹುಡುಗಿ, ಕೈರುಚಿ ನೋಡಿ ತಂದುಕೊಂಡದ್ದು. ಹೆಣ್ಣು ನೋಡಲು ಹೋದಾಗ ಅವಳು ಮಾಡಿದ ಬಸ್ಸಾರು ಉಂಡು ಅಜ್ಜಿ ಅಲ್ಲೇ ಎಲೆಯ ಮುಂದೆಯೇ ಒಪ್ಪಿಗೆ ಕೊಟ್ಟಳಂತೆ. "ಮುಖ ಆಮ್ಯಾಕೆ ನೋಡುವಾ, ಮೊದ್ಲು ಇನ್ನೊಂದು ಸೌಟು ಬುಡವ್ವ" ಅಂದಿದ್ದಳು ಎಂದು ಅವ್ವ ನಗುತ್ತ ಹೇಳುತ್ತಿದ್ದಳು.

ನಮ್ಮ ಮನೆಯ ಪಾತ್ರೆಗಳೆಲ್ಲ ಹಿತ್ತಾಳೆಯವು. ಹಿತ್ತಾಳೆಗೆ ಹುಳಿ ಆಗದು, ಒಳಗೆ ಕಲಾಯಿ ಇರಬೇಕು. ವರ್ಷಕ್ಕೆ ಎರಡು ಸಲ ಬನ್ನೂರಿನ ಕಡೆಯಿಂದ ಕಲಾಯಿ ಹಾಕುವ ಬಾಬಣ್ಣ ಬರುತ್ತಿದ್ದ. ಮನೆಯೆದುರಿನ ಹೊಂಗೆ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹೂಡಿ, ತಿದಿ ಒತ್ತುತ್ತ ಕೂತರೆ ಬೀದಿಯ ಮಕ್ಕಳೆಲ್ಲ ಸುತ್ತ. ಪಾತ್ರೆ ಕೆಂಪಗೆ ಕಾದ ಮೇಲೆ ಚಿಟಿಕೆ ನವಸಾಗರ ಉದುರಿಸುತ್ತಿದ್ದ. ಬುಸ್ಸನೆ ಬಿಳಿ ಹೊಗೆ ಎದ್ದು ಮೂಗು ಸುಡುತ್ತಿತ್ತು. ಆ ಹೊಗೆಯೊಳಗೇ ತವರದ ಕಡ್ಡಿ ತಾಗಿಸಿ, ಅರಳೆಯಲ್ಲಿ ಒಂದು ಸುತ್ತು ಒರೆಸಿದರೆ ಹಳದಿ ಪಾತ್ರೆಯ ಒಳಗೆ ಬೆಳದಿಂಗಳು ಸುರಿದ ಹಾಗೆ ಆಗುತ್ತಿತ್ತು. ಅಜ್ಜಿ ಪ್ರತಿ ಪಾತ್ರೆಯನ್ನೂ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಸರಿ ಅಂದ ಮೇಲೆ ಅದರ ಕೊರಳಿಗೆ ಅರಿಶಿನದ ದಾರ ಕಟ್ಟುತ್ತಿದ್ದಳು. ಇದು ನಮ್ಮ ಮನೆಯ ಪದ್ಧತಿ, ಬೇರೆಲ್ಲೂ ನಾನು ಕಂಡಿಲ್ಲ. ಕಲಾಯಿ ಸವೆದಾಗ ಅವಳೇ ದಾರ ಬಿಚ್ಚುವಳು. ದಾರ ಇದ್ದರೆ ಹುಳಿ ಹಾಕು, ಇಲ್ಲದಿದ್ದರೆ ನೀರು ಹಾಕು. ಸೊಸೆಯರು ಪಾತ್ರೆಯೊಳಗೆ ಬಗ್ಗಿ ನೋಡುವ ಅಗತ್ಯವೇ ಇರಲಿಲ್ಲ. ಬಗ್ಗಿ ನೋಡಿದರೆ ಅಜ್ಜಿಗೆ ಸಿಟ್ಟು. "ನಾನು ಕಟ್ಟಿದ ದಾರದ ಮ್ಯಾಲೆ ನಂಬ್ಕೆ ಇಲ್ವಾ?" ಅನ್ನುವಳು.

ಕಿಲುಬು ಅನ್ನುವ ಮಾತನ್ನು ಅಜ್ಜಿ ಪಾತ್ರೆಗೂ ಆಡುತ್ತಿದ್ದಳು, ಮನುಷ್ಯರಿಗೂ ಆಡುತ್ತಿದ್ದಳು. ಓರಗಿತ್ತಿಯರು ಮುಖ ಊದಿಸಿಕೊಂಡು ಪಂಕ್ತಿಗೆ ಬಡಿಸಲು ನಿಂತರೆ, "ಮನ್ಸಲ್ಲಿ ಕಿಲುಬು ಇಟ್ಕಂಡು ಬಡಿಸ್‌ಬ್ಯಾಡಿ, ಉಂಡೋರ್ಗೆ ಅರಗಕ್ಕಿಲ್ಲ" ಅಂತ ಸೌಟು ಕಿತ್ತುಕೊಳ್ಳುತ್ತಿದ್ದಳು. ಅನ್ನ ಕೊಡುವ ಮನೆ ಅಂತ ಹೆಸರಿತ್ತು ನಮಗೆ. ಆ ಹೆಸರೇ ಅವಳಿಗೆ ಒಡವೆ.

ನನಗೆ ಒಂಬತ್ತು ವರ್ಷ. ತಾತನ ವರ್ಷದ ಪೂಜೆ ಹತ್ತಿರ ಬಂದಿತ್ತು. ಅರವತ್ತು ಜನದ ಊಟ, ಅದರಲ್ಲಿ ಅಜ್ಜಿಯ ಮನೆಯ ಮಜ್ಜಿಗೆಹುಳಿ ಇರಲೇಬೇಕು. ಅದಕ್ಕೆಂದೇ ಎರಡು ದೊಡ್ಡ ತಪ್ಪಲೆಗಳಿದ್ದವು, ಒಂದೇ ಅಚ್ಚಿನವು. ಅಕ್ಕ, ತಂಗಿ ಎಂದು ಅವುಗಳ ಹೆಸರು. ಆ ಸಲ ಬಾಬಣ್ಣ ಅಕ್ಕನಿಗೆ ಕಲಾಯಿ ಹಾಕುವಷ್ಟರಲ್ಲಿ ತವರ ತೀರಿಹೋಯಿತು.

"ತಂಗಿಗೆ ಮುಂದಿನ ವಾರ ಬತ್ತೀನಿ ಅಮ್ಮಾ. ಗೋಡೆಗಿನ್ನೂ ಬಿಳುಪು ಐತೆ, ತಳ ಮಾತ್ರ ಸವೆದದೆ. ಅಲ್ಲೀ ತಂಕ ನೀರಿಗೆ ಇಟ್ಕಳಿ."

"ಅಕ್ಕುಂಗೆ ಮದ್ವೆ, ತಂಗಿ ಕಾಯ್ಕಂಡು ಕೂತ್ಕಬೇಕು. ಲೋಕದ ರೀತಿನೇ ಅಂಗೆ, ನೀನೇನ್ ಮಾಡೀಯೆ" ಅಂದಳು ಅಜ್ಜಿ. ಬಾಬಣ್ಣ ನಕ್ಕು, "ನನ್‌ಗೂ ಇಬ್ರು ಹೆಣ್ಮಕ್ಳೇ ಅಮ್ಮಾ, ಈ ಮಾತು ನಮ್ಮಟ್ಟೀಲಿ ಯೋಳ್ಬ್ಯಾಡಿ" ಅಂದ. ಅಜ್ಜಿ ಅಕ್ಕನ ಕೊರಳಿಗೆ ದಾರ ಕಟ್ಟಿದಳು. ಎರಡನ್ನೂ ಉಗ್ರಾಣದ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬೋರಲು ಹಾಕಿದಳು.

ಪೂಜೆಯ ಹಿಂದಿನ ದಿನ ನಮ್ಮ ಎದುರುಮನೆಯಲ್ಲಿ ಮದುವೆಯ ಶಾಸ್ತ್ರ. ಆ ಮನೆಯ ಹುಡುಗಿಯ ಕೈಗೆ ಕಂಕಣ ಕಟ್ಟಿದ್ದನ್ನು ನೋಡಿಕೊಂಡು ಬಂದಿದ್ದೆ. ನನ್ನ ಕೈಗೂ ಒಂದು ಬೇಕು ಅನ್ನಿಸಿತು. ಮಧ್ಯಾಹ್ನ ಎಲ್ಲರೂ ಒರಗಿದ್ದಾಗ ಉಗ್ರಾಣಕ್ಕೆ ಹೋಗಿ, ಅಕ್ಕನ ಕೊರಳಿನ ದಾರ ಬಿಚ್ಚಿ, ಹಲ್ಲಿನಿಂದ ಎಳೆದು ಮಣಿಕಟ್ಟಿಗೆ ಕಟ್ಟಿಕೊಂಡೆ. ನಡುಮನೆಯ ಕನ್ನಡಿಯ ಮುಂದೆ ತಲೆ ತಗ್ಗಿಸಿ ನಿಂತು ಮದುಮಗಳಾದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಹಿತ್ತಲಿನಿಂದ ಅಜ್ಜಿಯ ಕೆಮ್ಮು ಕೇಳಿತು. ಓಡಿಹೋಗಿ ಕೈಯಿಂದ ದಾರ ಜಾರಿಸಿ, ಹತ್ತಿರ ಸಿಕ್ಕ ತಪ್ಪಲೆಯ ಕೊರಳಿಗೆ ಕಟ್ಟಿ ಆಚೆ ಬಂದೆ. ಎರಡೂ ಬೋರಲಾಗಿದ್ದವು. ಎತ್ತಿ ಒಳಗೆ ನೋಡುವಷ್ಟು ಶಕ್ತಿಯೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ನನಗೆ ಅದು ದಾರ. ದಾರ ಇದ್ದ ಕಡೆ ಇದೆ, ಅಜ್ಜಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಕಟ್ಟಿದ್ದು ತಂಗಿಯ ಕೊರಳಿಗೆ.

ಸಂಜೆ ಕರೆಂಟು ಹೋಗಿತ್ತು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಚಿಕ್ಕವ್ವ ಮೂರು ಮನೆಯಿಂದ ತಂದ ಮಜ್ಜಿಗೆಯನ್ನು ಬಟ್ಟೆಯಲ್ಲಿ ಸೋಸಿ ದಾರದ ತಪ್ಪಲೆಗೆ ಹೊಯ್ದಿಟ್ಟಳು. ಮುಟ್ಟಿದರೆ ಗೋಡೆ ನುಣ್ಣಗಿತ್ತು, ಬಿಳಿ ಮಿಂಚಿತು, ದಾರ ಇತ್ತು. ಇನ್ನೇನು ನೋಡಬೇಕು? ರಾತ್ರಿಯೆಲ್ಲ ಹುಳಿ ತಳದಲ್ಲಿ ಕೂತು ತನ್ನ ಕೆಲಸ ಮಾಡಿತು. ಬೆಳಿಗ್ಗೆ ಅದಕ್ಕೆ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ರುಬ್ಬಿ ಹಾಕಿದರು. ಮಜ್ಜಿಗೆಹುಳಿ ಹಸಿರಾಗಿಯೇ ಇರಬೇಕಲ್ಲ, ಯಾರಿಗೂ ಸಂಶಯ ಬರಲಿಲ್ಲ. ಮೊದಲ ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರು ದೇವನೂರು ತಾತ, ಅಂದರೆ ಅಜ್ಜಿಯ ಅಣ್ಣ. ಎರಡನೇ ತುತ್ತಿಗೇ, "ಯಾಕವ್ವ, ವಸಿ ಒಗರೊಗ್ರು ಬತ್ತದೆ?" ಅಂದರು. "ನಿನ್ ನಾಲ್ಗೇಲಿ ಎಲೆಯಡಿಕೆ ಅದೆ, ಉಣ್ಣಣ್ಣ ಸುಮ್ಕೆ" ಎಂದು ಅಜ್ಜಿ ಇನ್ನೆರಡು ಸೌಟು ಬಡಿಸಿದಳು.

ಮೂರು ಗಂಟೆಯ ಹೊತ್ತಿಗೆ ಹೊಂಗೆ ಮರದ ಕೆಳಗೆ ಒಬ್ಬರ ಹಿಂದೆ ಒಬ್ಬರು ಕಕ್ಕತೊಡಗಿದರು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಾವಿಯಿಂದ ನೀರು ಸೇದಿ ಸೇದಿ ಅಪ್ಪನ ಅಂಗೈ ಸುಲಿದಿತ್ತು. ದೇವನೂರು ತಾತನನ್ನು ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು, ಮೂರು ದಿನ ಅಲ್ಲೇ ಇದ್ದರು. ಯಾರ ಜೀವವೂ ಹೋಗಲಿಲ್ಲ, ಅದೊಂದು ಪುಣ್ಯ. ಮನೆಗೆ ಬಂದ ಡಾಕ್ಟರು, ಯಾವ ಪಾತ್ರೆಯಲ್ಲಿ ಮಾಡಿದಿರಿ ಎಂದು ಕೇಳಿದರು. ಅಜ್ಜಿ ತಪ್ಪಲೆಯನ್ನು ಅಂಗಳಕ್ಕೆ ತಂದು ಬೋರಲು ಮಾಡಿದಳು. ಉಳಿದದ್ದು ಚೆಲ್ಲಿತು. ತಳದಲ್ಲಿ ಮೈಲುತುತ್ತದ ನೀಲಿಹಸಿರು ಬಣ್ಣದ ಬಳೆಯಂಥ ಗುರುತು.

ಅಂಗಳದಲ್ಲಿ ನೆಂಟರೆಲ್ಲ ನಿಂತಿದ್ದರು. ಅಜ್ಜಿ ಬಹಳ ಹೊತ್ತು ಆ ಗುರುತನ್ನೇ ನೋಡಿದಳು. ಆಮೇಲೆ ಚಿಕ್ಕವ್ವನ ಕಡೆ ತಿರುಗಿದಳು.

"ಕಣ್ಣು ಎತ್ತ ಮಡಗಿದ್ದೆ ಮಾದೇವಿ?"

"ಅತ್ತೆ, ದಾರ ಇತ್ತು."

"ದಾರ ಕಟ್ಟಿದ್ದು ನಾನು. ಅಕ್ಕುಂಗೆ ಕಟ್ಟಿದ್ದೆ. ನನ್ ಕೈಲಿ ತಪ್ಪಾಗದೆ ಅಂತೀಯಾ?"

"ಅಂಗಲ್ಲ ಅತ್ತೆ. ಇತ್ತು. ನೀವೇ ನೋಡಿ, ಈಗ್ಲೂ ಅದೆ."

"ಆಮ್ಯಾಕೆ ನೀನೇ ಯಾಕೆ ಕಟ್ಟಿರಬಾರ್ದು, ತಪ್ಪು ಮುಚ್ಕಳಕ್ಕೆ?" ಅಜ್ಜಿ ನೆಂಟರ ಕಡೆ ನೋಡಿ, "ಪಾತ್ರೆದಲ್ಲ ಕಣ್ರಪ್ಪ, ಇವಳ ಕೈಯೇ ಕಿಲುಬು" ಅಂದಳು.

ಚಿಕ್ಕವ್ವ ಚಿಕ್ಕಪ್ಪನ ಮುಖ ನೋಡಿದಳು. ಅವರು ಹೆಗಲ ಮೇಲಿನ ಟವೆಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ. ಮಣಿಕಟ್ಟಿನ ಸುತ್ತ ಅರಿಶಿನ ಇನ್ನೂ ಹೋಗಿರಲಿಲ್ಲ, ಕೈಯನ್ನು ಲಂಗದ ಮಡಿಕೆಯೊಳಗೆ ತೂರಿಸಿಕೊಂಡಿದ್ದೆ. ಹೇಳಬೇಕಿದ್ದರೆ ಒಂದೇ ಮಾತು. ಅದನ್ನು ಹೇಳದೆ ಮಡಿಕೆಯೊಳಗೇ ಮಣಿಕಟ್ಟು ಉಜ್ಜಿಕೊಂಡೆ.

ಈಗ ಯೋಚಿಸಿದರೆ ಅಜ್ಜಿ ಕೆಟ್ಟವಳಲ್ಲ. ಆ ಗುರುತನ್ನು ಅಷ್ಟು ಹೊತ್ತು ನೋಡಿದಳಲ್ಲ, ಆಗ ಅವಳಿಗೆ ತನ್ನ ಕೈಯ ಮೇಲೆಯೇ ಅನುಮಾನ ಬಂದಿರಬೇಕು. ವಯಸ್ಸಾಯಿತು, ತಪ್ಪಿ ತಂಗಿಗೇ ಕಟ್ಟಿದೆನೇನೋ ಅನ್ನುವ ಹೆದರಿಕೆ. ಆ ಹೆದರಿಕೆಯನ್ನು ಹೊರಲಾರದೆ ಚಿಕ್ಕವ್ವನ ತಲೆಗೆ ಕಟ್ಟಿದಳು. ಆಮೇಲೆ ಯಾವ ಪಾತ್ರೆಗೂ ಅವಳು ದಾರ ಕಟ್ಟಲಿಲ್ಲ. ಒಂದೇ ವರ್ಷದಲ್ಲಿ ಹಿತ್ತಾಳೆಯೆಲ್ಲ ಹೋಗಿ ಸ್ಟೀಲು ಬಂತು.

ಚಿಕ್ಕವ್ವನಿಗೆ ಮಾತ್ರ ಆ ಮಾತು ಹೋಗಲಿಲ್ಲ. ಅವತ್ತಿನಿಂದ ನೆಂಟರಿಷ್ಟರು ಬಂದ ದಿನ ಅವಳಿಗೆ ಒಲೆಯ ಮುಂದೆ ಜಾಗವಿಲ್ಲ. ಹಿತ್ತಲಲ್ಲಿ ಎಲೆ ಒರೆಸುವುದು, ನೀರು ಸೇದುವುದು, ಉಂಡ ಎಲೆ ಎತ್ತುವುದು. ಕೈರುಚಿಗೆ ಒಪ್ಪಿ ತಂದ ಸೊಸೆ ಪಂಕ್ತಿಗೆ ಒಂದು ಸೌಟು ಸಾರು ಬಡಿಸಲಿಲ್ಲ. ಅಜ್ಜಿ ಬೇರೆಯವರ ಎದುರಿಗೆ ಕರೆಯುವಾಗಲೂ, ಆಡಿಕೊಳ್ಳಬೇಕೆಂದಲ್ಲ, ಅಭ್ಯಾಸ ಬಲದಿಂದ, "ಆ ಕಿಲುಬು ಕೈಯವಳ್ನ ಕರಿ" ಅನ್ನುತ್ತಿದ್ದಳು. ಸಂಬಂಧಿಕರಲ್ಲಿ ಮಾದೇವಮ್ಮಂದಿರು ಮೂರು ಜನ ಇದ್ದರು. ಗುರುತು ಹೇಳಲು ಆ ಹೆಸರು ಅವರಿಗೆ ಅನುಕೂಲವಾಯಿತು. ಹೆಮ್ಮರಗಾಲದ ತನಕ ಹೋಯಿತು ಆ ಹೆಸರು. ಅವಳ ತಮ್ಮನ ಮದುವೆಯಲ್ಲಿ ತವರಿನವರೇ ಅವಳ ಕೈಯಿಂದ ಮೊಸರಿನ ಗಡಿಗೆ ತೆಗೆದುಕೊಂಡರಂತೆ, ನಗುತ್ತ ನಗುತ್ತಲೇ.

ಎಂಟನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಪಾಠ ಮಾಡುತ್ತ ಒಂದು ಸಂಗತಿ ಹೇಳಿದರು. ಕಿಲುಬು ಎಲ್ಲಿಂದಲೋ ಬಂದು ಅಂಟಿದ ಕೊಳೆಯಲ್ಲವಂತೆ. ಗಾಳಿ, ತೇವ, ಹುಳಿ ತಾಗಿ ಪಾತ್ರೆಯೊಳಗಿನ ತಾಮ್ರವೇ ಬೇರೆ ರೂಪಕ್ಕೆ ತಿರುಗಿದ್ದಂತೆ. ಉಜ್ಜಿ ತೆಗೆದಾಗಲೆಲ್ಲ ನಾವು ತೆಗೆಯುವುದು ಪಾತ್ರೆಯನ್ನೇ, ಕೂದಲೆಳೆಯಷ್ಟು. ಮಿಕ್ಕವರು ನೋಟುಪುಸ್ತಕದಲ್ಲಿ ಬರೆದುಕೊಂಡರು. ನಾನು ಬರೆಯಲಿಲ್ಲ. ಕ್ಲಾಸಿನಿಂದ ಮನೆಗೆ ಹೋದಾಗ ಚಿಕ್ಕವ್ವ ಹಿತ್ತಲಲ್ಲಿ ಒಬ್ಬಳೇ ಕೂತು ಎಲೆ ಒರೆಸುತ್ತಿದ್ದಳು. "ಇವತ್ತು ಏನ್ ಪಾಟ ಕೂಸು?" ಅಂದಳು. "ಏನೂ ಇಲ್ಲ" ಅಂದೆ. ಆವತ್ತು ಹೇಳಬಹುದಿತ್ತು. ಅಜ್ಜಿ ಬದುಕಿದ್ದಳು, ಅಪ್ಪ, ಅವ್ವ ಬದುಕಿದ್ದರು, ಅಂಗಳದಲ್ಲಿ ನಿಂತಿದ್ದವರಲ್ಲಿ ಮುಕ್ಕಾಲು ಜನ ಬದುಕಿದ್ದರು.

ಆಮೇಲೆ ಎಲ್ಲ ಮನೆಗಳ ಹಾಗೆ ನಮ್ಮದೂ. ಅಜ್ಜಿ ಹೋದಳು. ಕೊನೆಗಾಲದಲ್ಲಿ ಅವಳ ಮೈ ತೊಳೆದದ್ದು ಚಿಕ್ಕವ್ವ, ಗಂಜಿ ಮಾತ್ರ ಅವ್ವನ ಕೈಯಿಂದಲೇ ಕುಡಿದಳು. ಬೆಲ್ಲದ ವ್ಯಾಪಾರ ಇಳಿಯಿತು. ಅಣ್ಣತಮ್ಮಂದಿರು ಬೇರೆಯಾದರು, ಮನೆ ಮಾರಿದರು. ಹೊಂಗೆ ಮರ ಇದ್ದ ಕಡೆ ಈಗ ಷಟರು ಹಾಕಿದ ಮಳಿಗೆಗಳಿವೆ. ಚಿಕ್ಕಪ್ಪನಿಗೆ ನಂಜನಗೂಡಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು, ಅವರಿಬ್ಬರೂ ಇಲ್ಲಿಗೆ ಬಂದರು. ಮಕ್ಕಳಾಗಲಿಲ್ಲ. ನಾಲ್ಕು ವರ್ಷದ ಮೇಲೆ ನನ್ನನ್ನೂ ಇದೇ ಊರಿಗೆ ಕೊಟ್ಟರು. ಎರಡು ಬೀದಿಯ ಆಚೆ ಚಿಕ್ಕವ್ವ. ದಿನ ಬಿಟ್ಟು ದಿನ ಹೋಗುತ್ತಿದ್ದೆ. ನನ್ನ ಎರಡು ಬಾಣಂತನ ಮಾಡಿದವಳು ಅವಳೇ. ಎಣ್ಣೆ ಹಚ್ಚಿ, ನೀರು ಹಾಕಿ, ಮಗುವಿನ ತಲೆ ತೀಡಿ, ಹೊಗೆ ಹಾಕಿ ಎಲ್ಲ ಮಾಡುವಳು. ಪಥ್ಯದ ಸಾರು ಮಾತ್ರ, "ನಿಮ್ಮತ್ತೆ ಕೈಲಿ ಮಾಡಿಸ್ಕ ಕೂಸು" ಅನ್ನುವಳು.

ನಾನು ಹೇಳಿದ್ದು ಹೋದ ವರ್ಷ, ಮುಂಗಾರಿಗೆ ಮೊದಲು. ಇಬ್ಬರೂ ಅವಳ ಮನೆಯ ಜಗುಲಿಯಲ್ಲಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಚಿಕ್ಕವ್ವನಿಗೆ ಎಪ್ಪತ್ತು ದಾಟಿತ್ತು, ಮಂಡಿ ಹಿಡಿದಿತ್ತು. ಬಿಡಿಸಿದ ಹಣ್ಣನ್ನು ತುಂಬಲು ಒಳಗಿನಿಂದ ಒಂದು ಸ್ಟೀಲು ಡಬ್ಬಿ ತಂದುಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಳ ನೋಡಿದಳು. ಬೆರಳು ಹಾಕಿ ಸುತ್ತ ಸವರಿದಳು. ಮತ್ತೆ ಬೆಳಕಿಗೆ ಹಿಡಿದಳು.

"ಸ್ಟೀಲು ಚಿಕ್ಕವ್ವ ಅದು. ಏನ್ ನೋಡ್ತೀಯ?"

"ಗೊತ್ತು ಕೂಸು. ನೋಡ್ದೆ ಇದ್ರೆ ಜೀವ ತಡೆಯಕ್ಕಿಲ್ಲ. ಅವತ್ತು ನೋಡ್ನಿಲ್ಲ ನೋಡು."

ನಲವತ್ತು ವರ್ಷ ಆಗಿತ್ತು ಹತ್ತಿರ ಹತ್ತಿರ. ಸ್ಟೀಲು ಡಬ್ಬಿಯ ತಳ ನೋಡುವ ಆ ಕಣ್ಣನ್ನು ನೋಡಲಾಗಲಿಲ್ಲ ನನಗೆ. ಹೇಳಿಬಿಟ್ಟೆ. ಎದುರುಮನೆಯ ಮದುವೆ, ಕಂಕಣ, ಕನ್ನಡಿ, ಅಜ್ಜಿಯ ಕೆಮ್ಮು, ಎಲ್ಲ. ಹೇಳುವಾಗ ಅತ್ತುಬಿಡುತ್ತೇನೆ, ಅವಳು ತಲೆ ನೇವರಿಸುತ್ತಾಳೆ, ಹೋಗಲಿ ಬಿಡು ಕೂಸು ಅನ್ನುತ್ತಾಳೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಧೈರ್ಯದ ಮೇಲೇ ಹೇಳಿದ್ದು.

ಚಿಕ್ಕವ್ವ ನೇವರಿಸಲಿಲ್ಲ. ಕೈಯಲ್ಲಿದ್ದ ಹುಣಿಸೆಹಣ್ಣನ್ನು ಹಿಡಿದುಕೊಂಡೇ ಕೂತಳು. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಬಂದು, ಕೂಗಿ, ಹೋದ.

"ಇತ್ತಾ? ದಾರ ಇತ್ತಾ?"

"ಇತ್ತು ಚಿಕ್ಕವ್ವ. ನೀನು ನೋಡಿದ್ದು ಸರಿ."

"ಇರ್ನಿಲ್ವೇನೋ, ನಾನೇ ಸುಳ್ಳು ಯೋಳ್ದೆನೇನೋ ಅಂತ ನಂಗೇ ಅನ್ನಿಸ್ಬುಟ್ಟಿತ್ತು ಕಣೆ. ಎಲ್ರೂ ಯೋಳಿ ಯೋಳಿ." ಕೈಯಲ್ಲಿದ್ದ ಹಣ್ಣನ್ನು ಡಬ್ಬಿಗೆ ಹಾಕಿ ಅಂದಳು: "ನಿಮ್ಮಜ್ಜಿ ಇದ್ದಾಗ ಯೋಳ್ಬೋದಿತ್ತಲ್ಲ."

"ಹೆದರಿಕೆ ಆಗಿತ್ತು."

"ಒಂಬತ್ತು ವರ್ಷಕ್ಕೆ ಎದ್ರಿಕೆ, ಸರಿ. ಇಪ್ಪತ್ತಕ್ಕೆ? ಮೂವತ್ತಕ್ಕೆ? ಎರಡು ಬಾಣಂತನ ಮಾಡ್ದೆನಲ್ಲ, ಆಗ?"

ಅವಳು ನನ್ನನ್ನು ಯಾವತ್ತೂ "ಹೋಗೆಲೆ" ಅಂತ ಕೂಡ ಗದರಿದವಳಲ್ಲ. ಅವತ್ತು ಗೋಡೆಯ ಕಡೆ ಮುಖ ತಿರುಗಿಸಿ, "ನಾಲ್ಕು ಜನುದ್ ಮುಂದೆ ಯೋಳು. ನಿಮ್ಮಜ್ಜಿ ಅಂದಿದ್ದೂ ನಾಲ್ಕು ಜನುದ್ ಮುಂದೇ ಅಲ್ವಾ" ಅಂದಳು. ಗೌರಿ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ, ಆಗ ಹೇಳುತ್ತೇನೆ ಎಂದು ಮಾತು ಕೊಟ್ಟೆ. "ದೇವನೂರೋರ್ನೂ ಕರಿ. ಅವ್ರು ಕೇಳ್ಬೇಕು" ಅಂದಳು. ಅದಾದ ಮೇಲೆ ಎರಡು ವಾರ ನಾನು ಹೋದರೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ವಾರ ತಾನೇ ಕೇಳಿದಳು: "ಗೌರಿ ಅಬ್ಬುಕ್ಕೆ ಎಷ್ಟು ದಿನ ಅದೆ ಕೂಸು?" ಬೆರಳು ಮಡಿಸಿ ಎಣಿಸಿಕೊಂಡಳು. ಹಬ್ಬಕ್ಕೆ ಉಡಲು ಒಂದು ಸೀರೆಯನ್ನು ಇಸ್ತ್ರಿಗೆ ಕೊಟ್ಟು ತರಿಸಿದಳು. ಹಬ್ಬಕ್ಕೆ ಒಂಬತ್ತು ದಿನ ಇರುವಾಗ, ಬೆಳಿಗ್ಗೆ ಚಿಕ್ಕಪ್ಪ ಕಾಫಿಗೆ ಎಬ್ಬಿಸಿದರೆ ಏಳಲಿಲ್ಲ. ಅವಳನ್ನು ಸಮಾಧಿಗೆ ಕೂರಿಸಿದ್ದು ಆ ಸೀರೆಯಲ್ಲೇ.

ಅವತ್ತು ಜನ ಸೇರಿದ್ದರು. ಹೇಳಬಹುದಿತ್ತು. ಹೂವಿನ ಹಾರದ ಮುಂದೆ ನಿಂತು ನನ್ನ ತಪ್ಪನ್ನು ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಥವಾ ಅದೂ ಒಂದು ನೆವವೇನೋ. ಚಿಕ್ಕಪ್ಪನನ್ನು ನಮ್ಮ ಮನೆಗೆ ಕರೆತಂದೆವು. ಒಂದು ವರ್ಷದಿಂದ ದಿನಾ ಅವರಿಗೆ ಮೂರು ಹೊತ್ತು ಬಡಿಸಿದ್ದೇನೆ, ಅವರಿಗೂ ಹೇಳಿರಲಿಲ್ಲ.

ಇವತ್ತು ಹೇಳಿದೆ. ಮಠದ ಅಯ್ಯನವರು ಪೂಜೆ ಮುಗಿಸಿ, ಪ್ರಸಾದ ಉಂಡು ಎದ್ದ ಮೇಲೆ, ನೆಂಟರು ಎಲೆಯ ಮುಂದೆ ಕೂತರು. ಸೌಟು ಕೈಯಲ್ಲಿ ಹಿಡಿದು ಪಂಕ್ತಿಯ ನಡುವೆ ನಿಂತೆ. "ಒಂದು ಮಾತು ಹೇಳಬೇಕು, ಹೇಳಿ ಬಡಿಸುತ್ತೇನೆ" ಅಂದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ತಪ್ಪು ನನ್ನದು, ಚಿಕ್ಕವ್ವನ ಕೈಯಲ್ಲಿ ಯಾವ ಕಿಲುಬೂ ಇರಲಿಲ್ಲ ಅಂದೆ.

ಏನೂ ಆಗಲಿಲ್ಲ. ಕೂತವರಲ್ಲಿ ಬಹಳ ಜನಕ್ಕೆ ಆ ಸಂಗತಿಯೇ ಗೊತ್ತಿರಲಿಲ್ಲ. ನನ್ನ ತಮ್ಮನ ಹೆಂಡತಿ ಪಕ್ಕದವಳನ್ನು, "ಕಿಲುಬು ಅಂದ್ರೆ ಏನಕ್ಕ?" ಎಂದು ಮೆಲ್ಲಗೆ ಕೇಳಿದಳು. ಅವತ್ತು ಇನ್ನೂ ತೊಟ್ಟಿಲಲ್ಲಿದ್ದ ತಮ್ಮ, "ಯಾವ್ ಕಾಲದ್ ಮಾತು ಬುಡಕ್ಕ, ಸಾರು ಆರೋಯ್ತದೆ" ಅಂದ. ಯಾರೋ ನಕ್ಕರು, ಕೆಟ್ಟದಾಗಿ ಅಲ್ಲ. ಅಂಗಳದಲ್ಲಿ ಅವತ್ತು ನಿಂತಿದ್ದವರಲ್ಲಿ ಉಳಿದವರು ಮೂರೇ ಜನ. ನಾನು, ಚಿಕ್ಕಪ್ಪ, ದೇವನೂರು ತಾತನ ಮಗ. ಆ ಮಾವನಿಗೆ ಈಗ ಎಪ್ಪತ್ತರ ಮೇಲೆ. ಅವರು ಎಲೆಗೆ ಕೈ ಹಚ್ಚದೆ ಕೂತಿದ್ದರು.

"ನಮ್ಮಪ್ಪ ಸಾಯೋಗಂಟ ಆ ಯಮ್ಮನ ಕೈಲಿ ಒಂದ್ ಲೋಟ ನೀರು ಇಸ್ಕಳ್ನಿಲ್ಲ ಕಣವ್ವ" ಅಂದರು. "ನಾನೂ ಇಸ್ಕಳ್ನಿಲ್ಲ. ಆಸ್ಪತ್ರೇಲಿ ಅಪ್ಪುನ್ನ ನೋಡಕ್ಕೆ ದಿನಾ ನಡ್ಕಂಡು ಬಂದು ನಿಂತ್ಕಳೋಳು. ಒಳೀಕೆ ಬುಡ್ತಿರ್ನಿಲ್ಲ ನಾವು." ಎಲೆಯಂಚಿನ ಉಪ್ಪನ್ನು ಬೆರಳಿನಿಂದ ಅತ್ತ ಇತ್ತ ತಳ್ಳಿದರು. ಆಸ್ಪತ್ರೆಯ ಮಾತು ನನಗೆ ಹೊಸದು. ಅವಳು ಹೇಳಿರಲೇ ಇಲ್ಲ.

ಚಿಕ್ಕಪ್ಪನಿಗೆ ಕಿವಿ ಮಂದ. ಎಲ್ಲರ ಮುಖ ನೋಡಿ, "ಏನಂತೆ? ಏನಂದ್ಲು?" ಎಂದು ಕೇಳುತ್ತಿದ್ದರು. ನಾನು ಅವರ ಪಕ್ಕ ಕೂತು ಕಿವಿಯ ಹತ್ತಿರ ಕೂಗಬೇಕಾಯಿತು. ಪಂಕ್ತಿಯೆಲ್ಲ ಕೇಳುವ ಹಾಗೆ, ಎರಡನೇ ಸಲ. "ದಾರ ಬದಲಾಯಿಸಿದ್ದು ನಾನು ಚಿಕ್ಕಪ್ಪ. ಚಿಕ್ಕವ್ವ ಹೇಳಿದ್ದು ನಿಜ."

ಅವರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ಅಂತ ನಾನು ಮತ್ತೆ ಕೂಗಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದರು.

"ಅವ್ಳು ಅವತ್ತು ರಾತ್ರೆಲ್ಲ ಯೋಳುದ್ಲು ಕೂಸು. ಇತ್ತು ಇತ್ತು ಅಂತ. ನಾನು, ಮಲ್ಗು ಸಾಕು ಅಂದೆ."

ಎಲ್ಲರೂ ಉಂಡರು. ಪಾಯಸ ಚೆನ್ನಾಗಿದೆ ಅಂದರು. ನಾಲ್ಕು ಗಂಟೆಯ ಬಸ್ಸಿಗೆ ಹುಲ್ಲಹಳ್ಳಿಯ ಕಡೆಯವರು ಹೊರಟರು, ಐದಕ್ಕೆ ದೇವನೂರು ಮಾವ. ಎಲೆ ಎತ್ತಿದೆ, ನೆಲ ಒರೆಸಿದೆ, ಪಾತ್ರೆ ತೊಳೆದು ಬೋರಲು ಹಾಕಿದೆ. ರಾತ್ರಿ ಬೇರೆ ಅಡುಗೆ ಮಾಡಲಿಲ್ಲ. ಮಿಕ್ಕ ಅನ್ನಕ್ಕೆ ಯಜಮಾನರು ತಿಳಿಸಾರು ಹಾಕಿಕೊಂಡರು, ನಾನು ಕುಂಬಳಕಾಯಿ ಪಲ್ಯದ ತಳ ಬಳಿದುಕೊಂಡು ಉಂಡೆ. ಚಿಕ್ಕಪ್ಪ ಬೇಡ ಅಂದರು. ಒತ್ತಾಯ ಮಾಡಿದ ಮೇಲೆ ಒಂದು ಬಾಳೆಹಣ್ಣು ತೆಗೆದುಕೊಂಡು, ಅರ್ಧ ತಿಂದು, ಇನ್ನರ್ಧವನ್ನು ಸಿಪ್ಪೆಯಲ್ಲೇ ಮಡಿಸಿ ಪಕ್ಕದಲ್ಲಿಟ್ಟರು. ಒಂಬತ್ತು ಗಂಟೆಗೆ ಮೊದಲು ಮಲಗಿದ್ದು ಯಜಮಾನರು, ಆಮೇಲೆ ನಾನು. ಮಲಗಿದಲ್ಲಿಂದ ನಡುಮನೆ ಕಾಣುತ್ತಿತ್ತು. ಚಿಕ್ಕಪ್ಪ ಗೋಡೆಗೆ ಒರಗಿ ಕೂತೇ ಇದ್ದರು, ಚಾಪೆಯ ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು.